ಸ್ಪೀಕರ್ ಸ್ಟ್ಯಾಂಡ್: ಎತ್ತರ ಮೊದಲು, ತೂಕ ಆಮೇಲೆ, ಸ್ಪೈಕ್ ಕೊನೆಗೆ

ಹೊಸ ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಕಪಾಟಿನಲ್ಲಿ ಇಡುವಷ್ಟು ಚಿಕ್ಕ ಡಬ್ಬಿ, ಮನೆಗೆ ಬಂದ ದಿನ ಅದಕ್ಕೆ ಜಾಗ ಸಿಗುವುದು ಟಿವಿ ಯೂನಿಟ್ ಮೇಲೆ, ಶೋಕೇಸಿನ ಖಾನೆಯಲ್ಲಿ, ಇಲ್ಲವೇ ಅಲ್ಮೇರದ ನೆತ್ತಿಯ ಮೇಲೆ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೇಳಿದ್ದ ಮೃದಂಗದ ತೊಪ್ಪಿ ಮನೆಯಲ್ಲಿ ಗುಮ್ಮೆಂದು ಊದಿಕೊಳ್ಳುತ್ತದೆ. ವಾರ್ತೆ ಓದುವ ಗಂಡು ದನಿ ಮಡಕೆಯೊಳಗಿಂದ ಬಂದಂತಿರುತ್ತದೆ. ಆಗ ಬೈಗುಳ ಬೀಳುವುದು ಆಂಪ್ಲಿಫೈಯರಿಗೆ, ಕೇಬಲ್ಲಿಗೆ. ಬಹುತೇಕ ಸಲ ದೋಷ ಇರುವುದು ಸ್ಪೀಕರ್ ಇಟ್ಟ ಜಾಗದಲ್ಲಿ.

ಸ್ಟ್ಯಾಂಡ್ ಮಾಡುವ ಕೆಲಸ ಮೂರು. ಟ್ವೀಟರನ್ನು (ಮೇಲಿನ ಸ್ವರ ಹೊರಡಿಸುವ ಪುಟ್ಟ ಘಟಕ) ಕಿವಿಮಟ್ಟಕ್ಕೆ ತರುವುದು, ಸ್ಪೀಕರನ್ನು ಗೋಡೆ ಮತ್ತು ಹಲಗೆಗಳಿಂದ ದೂರ ಸರಿಸುವುದು, ಅದು ಅಲುಗಾಡದಂತೆ ಹಿಡಿದು ಅದರ ಕಂಪನ ಪೀಠೋಪಕರಣಕ್ಕೆ ಹಬ್ಬದಂತೆ ತಡೆಯುವುದು. ಕಿವಿಗೆ ಗೊತ್ತಾಗುವ ಬದಲಾವಣೆ ಬರುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಮಾರುವವರು ಮಾತ್ರ ಮೂರನೆಯದರಿಂದಲೇ ಶುರು ಮಾಡುತ್ತಾರೆ, ಏಕೆಂದರೆ ದುಬಾರಿ ಸ್ಪೈಕು (ಸ್ಟ್ಯಾಂಡಿನ ಅಡಿಯ ಚೂಪು ಕಾಲು), ವಿಶೇಷ ಲೋಹ, ವಿಶೇಷ ರಬ್ಬರು ಎಲ್ಲ ಇರುವುದು ಅಲ್ಲೇ. ಸ್ಟ್ಯಾಂಡಿಗೆ ಕೈಹಾಕುವವರು ಎತ್ತರ ಮತ್ತು ದೂರ ಸರಿಹೋಗುವ ತನಕ ಆ ಕಡೆ ತಲೆಹಾಕುವುದು ಬೇಡ.

ಶೋಕೇಸಿನೊಳಗೆ ಏನಾಗುತ್ತದೆ

ಕೆಳಗಿನ ಸ್ವರಗಳು ಸ್ಪೀಕರಿನ ಮುಂದಕ್ಕಷ್ಟೇ ಹೋಗುವುದಿಲ್ಲ, ಸುತ್ತಲೂ ಹರಡುತ್ತವೆ. ಹಿಂದೆ, ಪಕ್ಕದಲ್ಲಿ, ಮೇಲೆ ಹಲಗೆಗಳಿದ್ದರೆ ಆ ಶಬ್ದವೆಲ್ಲ ಮುಂದಕ್ಕೇ ತಳ್ಳಲ್ಪಟ್ಟು ಬೇಸ್ ಏರುತ್ತದೆ. ಜೊತೆಗೆ 18 ಮಿ.ಮೀ. ಪ್ಲೈವುಡ್ಡಿನ ಅಗಲ ಹಲಗೆ, ಅದರಡಿಯ ಖಾಲಿ ಖಾನೆ, ಸರಿಯುವ ಗಾಜು ಇವೆಲ್ಲ ತಾವೇ ದನಿ ತೆಗೆಯುತ್ತವೆ. ಸ್ಪೀಕರಿನ ಡಬ್ಬಿ ಅಲುಗುವುದು ಬಹಳ ಕಡಿಮೆ. ಲೆಕ್ಕ ಹೀಗಿದೆ: ವೂಫರಿನ (ಕೆಳಗಿನ ಸ್ವರ ಹೊರಡಿಸುವ ದೊಡ್ಡ ಘಟಕ) ಕೋನ್ 12 ಗ್ರಾಂ ಇದ್ದು 2 ಮಿ.ಮೀ. ಚಲಿಸಿದರೆ, 6 ಕೆ.ಜಿ. ತೂಕದ ಡಬ್ಬಿ ಹಿಂದಕ್ಕೆ ಸರಿಯುವುದು ಸುಮಾರು 0.004 ಮಿ.ಮೀ. ಅದು ನೇರವಾಗಿ ಕಿವಿಗೆ ಬೀಳುವುದಿಲ್ಲ. ಅದೇ ಅಲುಗಾಟ ಚದರ ಮೀಟರ್ ಅಗಲದ ಟೊಳ್ಳು ಹಲಗೆಗೆ ದಾಟಿ ಆ ಹಲಗೆಯ ಸ್ವಂತ ಕಂಪನಕ್ಕೆ ತಾಳೆಯಾದರೆ ಹಲಗೆ ಹಾಡತೊಡಗುತ್ತದೆ. ಹಾಡು ನಡೆಯುತ್ತಿರುವಾಗ ಟಿವಿ ಯೂನಿಟ್ ಮೇಲೆ ಅಂಗೈ ಇಟ್ಟು ನೋಡಿ. ಬೇಸ್ ಬಂದಾಗಲೆಲ್ಲ ಅಂಗೈ ಜುಮ್ಮೆಂದರೆ ನಿಮ್ಮ ಮನೆಯಲ್ಲಿ ಎರಡು ಸ್ಪೀಕರ್ ಅಲ್ಲ, ಮೂರು ಇವೆ.

ಸ್ಟ್ಯಾಂಡ್ ಇಡಲು ಜಾಗವೇ ಇಲ್ಲದವರು ಇಷ್ಟಾದರೂ ಮಾಡಬಹುದು: ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಸಮನಾಗುವಷ್ಟು ಮುಂದಕ್ಕೆ ಎಳೆಯಿರಿ, ಅಡಿಗೆ ಮೆತ್ತನೆಯ ರಬ್ಬರ್ ತುಂಡು ಕೊಡಿ, ಹಿಂದೆ ಗಾಳಿಯ ರಂಧ್ರ ಇದ್ದರೆ ಅದಕ್ಕೆ ಕಂಪನಿ ಕೊಟ್ಟ ಸ್ಪಂಜಿನ ಬಿರಡೆ ಹಾಕಿ.

ಎತ್ತರ ಅಳೆಯುವುದು

1. ನೀವು ನಿಜವಾಗಿ ಕೂರುವ ಜಾಗದಲ್ಲಿ, ಕೂರುವ ಹಾಗೆಯೇ ಒರಗಿ ಕುಳಿತುಕೊಳ್ಳಿ. ಅಳತೆಗೆಂದು ಬೆನ್ನು ನೆಟ್ಟಗೆ ಮಾಡಬೇಡಿ. ನೆಲದಿಂದ ಕಿವಿಯ ರಂಧ್ರದವರೆಗೆ ಇನ್ನೊಬ್ಬರು ಟೇಪು ಹಿಡಿದು ಅಳೆಯಲಿ. ಸೋಫಾದಲ್ಲಿ ಸಾಮಾನ್ಯವಾಗಿ 90ರಿಂದ 95 ಸೆಂ.ಮೀ., ಊಟದ ಮೇಜಿನ ಕುರ್ಚಿಯಲ್ಲಿ 110ರ ಆಸುಪಾಸು, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರೆ 70ರಿಂದ 75 ಬರುತ್ತದೆ.

2. ಸ್ಪೀಕರಿನ ತಳದಿಂದ ಟ್ವೀಟರಿನ ನಡುಬಿಂದುವಿಗೆ ಎಷ್ಟು ಎಂದು ಅಳೆಯಿರಿ. ಕೆಲವು ಕಂಪನಿಗಳು ಕಿವಿ ಇರಬೇಕಾದ್ದು ಟ್ವೀಟರ್ ಮತ್ತು ವೂಫರಿನ ನಡುವಿನ ಮಟ್ಟಕ್ಕೆ ಎಂದು ಕೈಪಿಡಿಯಲ್ಲಿ ಹೇಳಿರುತ್ತವೆ. ಹಾಗಿದ್ದರೆ ಅದನ್ನೇ ಹಿಡಿಯಿರಿ.

3. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಕಿವಿ 94, ಟ್ವೀಟರ್ 24 ಆದರೆ ಸ್ಟ್ಯಾಂಡ್ 70 ಸೆಂ.ಮೀ. ಇದರಲ್ಲಿ ಕೆಳಗಿನ ಕಾಲು ಅಥವಾ ಸ್ಪೈಕಿನ ಎತ್ತರವೂ ಸೇರಿದೆ. ಅದನ್ನು ಮರೆತು 70ರ ಕಂಬ ಕತ್ತರಿಸಿದವರ ಸ್ಪೀಕರ್ 3 ಸೆಂ.ಮೀ. ಮೇಲೆ ಹೋಗಿರುತ್ತದೆ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಹೆಚ್ಚಾಗಿ 24 ಇಂಚಿನದು, ಅಂದರೆ ಸುಮಾರು 60 ಸೆಂ.ಮೀ. 28 ಇಂಚಿನದೂ ಕೆಲವೆಡೆ ಸಿಗುತ್ತದೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರದಿದ್ದರೆ ಗಾಬರಿ ಬೇಡ. ಎರಡು ಡ್ರೈವರ್ (ಶಬ್ದ ಹೊರಡಿಸುವ ಘಟಕ) ಇರುವ ಮಾಮೂಲಿ ಸ್ಪೀಕರಿನಲ್ಲಿ ಟ್ವೀಟರೂ ವೂಫರೂ ಕೆಲಸ ಹಂಚಿಕೊಳ್ಳುವುದು 2,000ದಿಂದ 3,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸುತ್ತಮುತ್ತ. ಕಿವಿ ತೀರಾ ಮೇಲೋ ಕೆಳಗೋ ಇದ್ದರೆ ಎರಡರ ಶಬ್ದವೂ ಕಿವಿ ಮುಟ್ಟುವ ಹೊತ್ತಿನಲ್ಲಿ ವ್ಯತ್ಯಾಸವಾಗಿ ಆ ಪಟ್ಟಿಯಲ್ಲಿ ಒಂದು ಗುಂಡಿ ಬೀಳುತ್ತದೆ, ಅಂದರೆ ಅಲ್ಲಿನ ಸ್ವರಗಳು ತಗ್ಗುತ್ತವೆ. ಪಿಟೀಲಿನ ಕಮಾನಿನ ಕೊರೆತ, ಮಾತಿನ ವ್ಯಂಜನಗಳ ಚುರುಕು ಮಂಕಾಗುವುದು ಇದರಿಂದ. ಆದರೆ 5 ಡಿಗ್ರಿವರೆಗೆ ಹೆಚ್ಚಿನ ಸ್ಪೀಕರುಗಳು ಸಹಿಸಿಕೊಳ್ಳುತ್ತವೆ. 2.5 ಮೀಟರ್ ದೂರದಲ್ಲಿ 5 ಡಿಗ್ರಿ ಎಂದರೆ 22 ಸೆಂ.ಮೀ. ಹಾಗಾಗಿ 70 ಬೇಕಾದಲ್ಲಿ 60 ಇಟ್ಟರೆ ಆಕಾಶವೇನೂ ಕಳಚಿ ಬೀಳದು. ಟ್ವೀಟರ್ ವೂಫರಿನ ನಡುಮಧ್ಯದಲ್ಲೇ ಇರುವ ಕೆಇಎಫ್ ಕಂಪನಿಯ ಮಾದರಿಯ ಸ್ಪೀಕರುಗಳಿಗೆ ಈ ವಿಷಯದಲ್ಲಿ ಇನ್ನೂ ಹೆಚ್ಚು ಸಡಿಲಿಕೆ ಇದೆ.

ಸ್ಟ್ಯಾಂಡ್ ತೀರಾ ಗಿಡ್ಡವಾದರೆ ಸ್ಪೀಕರಿನ ಮೂತಿ ಮೇಲೆತ್ತಿ. ಟ್ವೀಟರ್ ಕಿವಿಗಿಂತ 20 ಸೆಂ.ಮೀ. ಕೆಳಗಿದ್ದು ನೀವು 2.5 ಮೀಟರ್ ದೂರ ಕೂರುವುದಾದರೆ ಬೇಕಾದ ಓರೆ ನಾಲ್ಕೂವರೆ ಡಿಗ್ರಿ ಚಿಲ್ಲರೆ. 25 ಸೆಂ.ಮೀ. ಆಳದ ಡಬ್ಬಿಗೆ ಮುಂದಿನ ಅಂಚನ್ನು 2 ಸೆಂ.ಮೀ. ಎತ್ತಿದರೆ ಅಷ್ಟು ಓರೆಯಾಗುತ್ತದೆ. ಹಿಂದಕ್ಕೆ ಜಾರದಂತೆ ರಬ್ಬರ್ ತುಂಡನ್ನೇ ಬಳಸಿ, ಮರದ ಚಕ್ಕೆ ಬೇಡ.

ಒಂದೇ ಕೋಣೆಯಲ್ಲಿ ದೊಡ್ಡವರು ಸೋಫಾದಲ್ಲಿ, ಉಳಿದವರು ನೆಲದ ಮೇಲೆ ಕೂರುವುದು ನಮ್ಮ ಮನೆಗಳಲ್ಲಿ ಮಾಮೂಲು. ಆಗ 60 ಸೆಂ.ಮೀ. ಒಳ್ಳೆಯ ರಾಜಿ. ಟ್ವೀಟರ್ 84ಕ್ಕೆ ಬರುತ್ತದೆ. ಸೋಫಾದ ಕಿವಿಗೆ 10 ಕೆಳಗೆ, ನೆಲದ ಕಿವಿಗೆ 12 ಮೇಲೆ. ಎರಡೂ ಕಡೆ 3 ಡಿಗ್ರಿಯೊಳಗೇ ಮುಗಿಯಿತು.

ಗೋಡೆ, ನೆಲ, ಮೂಲೆ

ಸ್ಟ್ಯಾಂಡಿನ ನಿಜವಾದ ಉಪಕಾರ ಇಲ್ಲಿದೆ. ಸ್ಪೀಕರನ್ನು ಎಲ್ಲಿ ಬೇಕಾದರೂ ನಿಲ್ಲಿಸುವ ಸ್ವಾತಂತ್ರ್ಯ ಅದು ಕೊಡುತ್ತದೆ.

ವೂಫರಿನಿಂದ ಹಿಂದಕ್ಕೆ ಹೊರಟ ಶಬ್ದ ಗೋಡೆಗೆ ಬಡಿದು ತಿರುಗಿ ಬರುವಷ್ಟರಲ್ಲಿ ಅರ್ಧ ತರಂಗದಷ್ಟು ತಡವಾದರೆ ನೇರ ಶಬ್ದವನ್ನು ಅಳಿಸಿಹಾಕುತ್ತದೆ. ಯಾವ ಸ್ವರದಲ್ಲಿ ಎಂದು ತಿಳಿಯಲು 345ನ್ನು (ಶಬ್ದ ಸೆಕೆಂಡಿಗೆ ಸಾಗುವ ಮೀಟರ್) ಗೋಡೆಯ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿ. ದೂರ ಮೀಟರಿನಲ್ಲಿರಲಿ, ಸ್ಪೀಕರಿನ ಮುಖದಿಂದ ಗೋಡೆಗೆ ಅಳೆಯಿರಿ. 50 ಸೆಂ.ಮೀ. ಆದರೆ 172 ಹರ್ಟ್ಸ್, 75 ಆದರೆ 115, 1 ಮೀಟರ್ ಆದರೆ 86. ಗಂಡಸರ ಮಾತಿನ ಮೂಲಸ್ವರ ಇರುವುದು ಸುಮಾರು 85ರಿಂದ 180ರ ನಡುವೆ. ದನಿಯಲ್ಲಿ ಎದೆಯೇ ಇಲ್ಲ ಅನ್ನಿಸಿದರೆ ಮೊದಲು ನೋಡಬೇಕಾದ್ದು ಈ ದೂರವನ್ನು.

ನೆಲವೂ ಇದೇ ಆಟ ಆಡುತ್ತದೆ. ವೂಫರ್ ನೆಲದಿಂದ 80 ಸೆಂ.ಮೀ., ಕಿವಿ 95, ನಡುವೆ 2.5 ಮೀಟರ್ ಇದ್ದರೆ ನೆಲಕ್ಕೆ ಬಡಿದು ಬರುವ ಶಬ್ದ ನೇರ ಶಬ್ದಕ್ಕಿಂತ ಸುಮಾರು 55 ಸೆಂ.ಮೀ. ಹೆಚ್ಚು ನಡೆದಿರುತ್ತದೆ. ಗುಂಡಿ ಬೀಳುವುದು 315 ಹರ್ಟ್ಸ್ ಹತ್ತಿರ. ಇದನ್ನು ಪೂರ್ತಿ ತಪ್ಪಿಸಲು ಬರುವುದಿಲ್ಲ. ಆದ್ದರಿಂದ ನೆನಪಿಡಬೇಕಾದ ನಿಯಮ ಒಂದೇ: ವೂಫರಿನಿಂದ ನೆಲಕ್ಕೆ, ಹಿಂದಿನ ಗೋಡೆಗೆ, ಪಕ್ಕದ ಗೋಡೆಗೆ ಇರುವ ಮೂರು ದೂರಗಳು ಒಂದೇ ಆಗಬಾರದು. ಮೂರೂ 75 ಆದರೆ ಗುಂಡಿಗಳು ಒಂದರ ಮೇಲೊಂದು ಬಿದ್ದು ಹೊಂಡವಾಗುವ ಸಾಧ್ಯತೆ ಹೆಚ್ಚು. 75, 50, 110 ಎಂದು ಹಂಚಿದರೆ ಪ್ರತಿಯೊಂದೂ ಸಣ್ಣದಾಗಿ ಬೇರೆಬೇರೆ ಕಡೆ ಚದುರುತ್ತದೆ, ಕಿವಿ ಗಮನಿಸುವುದಿಲ್ಲ.

ಹಿಂಬದಿ ರಂಧ್ರವಿರುವ ಸ್ಪೀಕರಿನ ಬೆನ್ನಿಗೂ ಗೋಡೆಗೂ 20ರಿಂದ 30 ಸೆಂ.ಮೀ. ಬಿಡಿ. ಮೂಲೆಗೆ ಒತ್ತಿ ಮಾತ್ರ ಇಡಬೇಡಿ, ಅಲ್ಲಿ ಬೇಸ್ ತಡೆಯಲಾರದಷ್ಟು ಉಬ್ಬುತ್ತದೆ.

ಕೊಳ್ಳುವ ಮೊದಲು ಬ್ಲಾಕಿನ ಮೇಲೆ ಇಟ್ಟು ಕೇಳಿ

ಮನೆ ಕಟ್ಟುವವರ ಬಳಿ 8 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್ ಇರುತ್ತದೆ: 40 ಸೆಂ.ಮೀ. ಉದ್ದ, 20 ಅಗಲ, 20 ಎತ್ತರ. ಮೂರನ್ನು ಮಲಗಿಸಿ ಒಂದರ ಮೇಲೊಂದು ಇಟ್ಟರೆ ಸರಿಯಾಗಿ 60. ಒಂದೊಂದೂ 30 ಕೆ.ಜಿ. ಮೀರುತ್ತದೆ, ಎತ್ತುವಾಗ ಇಬ್ಬರಿರಿ. ಅಡಿಗೆ ಗೋಣಿಚೀಲ, ನಡುನಡುವೆ ಹಳೆಯ ಬಟ್ಟೆ ಹಾಕಿ. ಸ್ಪೀಕರಿಡುವ ಮೊದಲು ಅತ್ತಿತ್ತ ತಳ್ಳಿ ಅಲುಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಪ್ರಯೋಗವೇ ಬೇಡ. ನೋಡಲು ಕೆಟ್ಟದಾಗಿರುತ್ತದೆ, ಆದರೆ ಎತ್ತರವೂ ದೂರವೂ ಬದಲಾದರೆ ನಿಮ್ಮ ಕೋಣೆಯಲ್ಲಿ ಏನಾಗುತ್ತದೆ ಎಂಬುದು ಒಂದು ವಾರದಲ್ಲಿ ಬಿಡಿಕಾಸು ಖರ್ಚಿಲ್ಲದೆ ಗೊತ್ತಾಗುತ್ತದೆ. ಇಷ್ಟು ಭಾರದ ಬ್ಲಾಕಿಗೂ ನಿಮ್ಮ ಶೋಕೇಸಿಗೂ ವ್ಯತ್ಯಾಸವೇ ಕೇಳದಿದ್ದರೆ ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ.

ತೂಕಕ್ಕಿಂತ ಬುಡದ ಅಗಲ

ಸ್ಟ್ಯಾಂಡ್ ಭಾರವಿರಬೇಕು ಎನ್ನುವುದು ನಿಜ, ಆದರೆ ಆ ಮಾತಿಗೊಂದು ಮಿತಿಯಿದೆ. ಮುಂದೆ ಹೇಳುವ ಕಬ್ಬಿಣದ ಸ್ಟ್ಯಾಂಡ್ ಖಾಲಿ ಇದ್ದಾಗ 9 ಕೆ.ಜಿ., ಮರಳು ತುಂಬಿದರೆ 12.5. ಮೇಲೆ 6 ಕೆ.ಜಿ. ಸ್ಪೀಕರ್. ಬುಡದ ತಗಡು 30 ಸೆಂ.ಮೀ. ಅಗಲವಿದ್ದರೆ ಪಕ್ಕಕ್ಕೆ ಉರುಳಲು ಖಾಲಿಯಿದ್ದಾಗ ಸುಮಾರು 20 ಡಿಗ್ರಿ ವಾಲಬೇಕು, ಮರಳು ತುಂಬಿದಾಗ 22. ಅಷ್ಟೇ ಲಾಭ. ಅದೇ ಬುಡವನ್ನು 40 ಸೆಂ.ಮೀ.ಗೆ ಅಗಲ ಮಾಡಿದರೆ 28ಕ್ಕೆ ಏರುತ್ತದೆ. ಅಂಬೆಗಾಲಿಡುವ ಮಗು, ಬೆಕ್ಕು, ಮನೆ ಒರೆಸುವಾಗ ತಗಲುವ ಮಾಪು ಇವೆಲ್ಲ ಇರುವ ಕಡೆ ಅಗಲದ ಬುಡವೇ ಕಾಯುವುದು.

ಮರಳಿನ ಕೆಲಸ ಬೇರೆ. ಟೊಳ್ಳು ಪೈಪಿನ ಝಣತ್ಕಾರ ಅಡಗಿಸುವುದು. ಅಂಗಡಿಯಲ್ಲಿ ಸ್ಟ್ಯಾಂಡ್ ನೋಡುವಾಗ ಕಂಬಕ್ಕೆ ಬೆರಳ ಗೆಣ್ಣಿನಿಂದ ಬಡಿಯಿರಿ. ಟಣ್ ಎಂದು ಎಳೆದರೆ ಅದಕ್ಕೆ ಮರಳು ಬೇಕು. ಟಪ್ ಎಂದು ಅಲ್ಲೇ ಸತ್ತರೆ ಬೇಡ. ಆಮೇಲೆ ನೆತ್ತಿಯ ತಗಡನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಬಿಡಿ. ಎರಡು ಮೂರು ಸಲ ತೂಗಾಡಿ ನಿಲ್ಲುವ ಸ್ಟ್ಯಾಂಡ್ ಎಷ್ಟೇ ಚೆಂದವಿದ್ದರೂ ಬಿಟ್ಟುಬನ್ನಿ, ಸ್ಪೀಕರಿಟ್ಟ ಮೇಲೆ ಅದು ಹೆಚ್ಚುವುದೇ ಹೊರತು ಕಡಿಮೆಯಾಗದು.

ಭಾರವೇ ಸರ್ವಸ್ವವಲ್ಲ ಎನ್ನುವುದಕ್ಕೆ ಇಂಗ್ಲೆಂಡಿನ ಪರಂಪರೆಯೊಂದಿದೆ. ಬಿಬಿಸಿ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿಗೆಂದು ರೂಪಿಸಿದ ಎಲ್‌ಎಸ್3/5ಎ ಸ್ಪೀಕರಿನ ಡಬ್ಬಿ ತೆಳು ಬರ್ಚ್ ಪ್ಲೈವುಡ್ಡಿನದು, ಒಳಗೆ ಕಂಪನ ಹೀರುವ ಲೇಪ. ಗೋಡೆ ಗಟ್ಟಿ ಮಾಡುವ ಬದಲು, ಕಂಪಿಸಲಿ, ಆದರೆ ಬೇಗ ಸಾಯಲಿ ಎನ್ನುವ ಲೆಕ್ಕ. ಅದೇ ದಾರಿಯಲ್ಲಿ ಬಂದ ಹಾರ್ಬೆತ್, ಸ್ಪೆಂಡರ್ ಸ್ಪೀಕರುಗಳನ್ನು ಹಗುರ ಮರದ ತೆರೆದ ಚೌಕಟ್ಟಿನ ಸ್ಟ್ಯಾಂಡ್ ಮೇಲೆ ಇಡುವವರು ಬಹಳ. ನಿಮ್ಮದು ದಪ್ಪ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಡಬ್ಬಿಯಾದರೆ ಕಬ್ಬಿಣ, ಮರಳು ಸರಿ.

ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದು

ಊರಿನ ಗೇಟು, ಗ್ರಿಲ್ ಮಾಡುವ ಯಾವ ವೆಲ್ಡಿಂಗ್ ಶಾಪಿನಲ್ಲೂ ಇದು ಅರ್ಧ ದಿನದ ಕೆಲಸ. ಚಿತ್ರ ಬರೆದು ಅಳತೆ ಸಮೇತ ಕೈಗೆ ಕೊಡಿ, ಬಾಯಲ್ಲಿ ಹೇಳಿದರೆ ಎರಡು ಸ್ಟ್ಯಾಂಡ್ ಎರಡು ಎತ್ತರಕ್ಕೆ ಬರುತ್ತವೆ. ಒಂದು ಸ್ಟ್ಯಾಂಡಿಗೆ ಬೇಕಾದ್ದು:

- ಬುಡಕ್ಕೆ 6 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ತಗಡು, 30 × 35 ಸೆಂ.ಮೀ. ತೂಕ 4.9 ಕೆ.ಜಿ. ಮಕ್ಕಳಿರುವ ಮನೆಗೆ 40 × 40 ಮಾಡಿಸಿ.
- ಕಂಬಕ್ಕೆ 75 × 75 ಮಿ.ಮೀ. ಚೌಕ ಪೈಪು, 2 ಮಿ.ಮೀ. ದಪ್ಪ. 60 ಸೆಂ.ಮೀ.ಗೆ 2.75 ಕೆ.ಜಿ. 72ರ ಪೈಪು ಸಿಕ್ಕರೂ ನಡೆಯುತ್ತದೆ.
- ನೆತ್ತಿಗೆ 4 ಮಿ.ಮೀ. ತಗಡು, 18 × 22 ಸೆಂ.ಮೀ. ಸ್ಪೀಕರಿನ ತಳಕ್ಕಿಂತ ಸುತ್ತ ಒಂದೆರಡು ಸೆಂ.ಮೀ. ಚಿಕ್ಕದಿರಲಿ. ಮುಂದೆ ಚಾಚಿಕೊಂಡರೆ ಮೂಲೆ ಮೊಣಕೈಗೆ ತಗಲುತ್ತದೆ.
- ಎಂ8 (8 ಮಿ.ಮೀ. ಬೋಲ್ಟಿನ) ನಟ್ 4, ಅದಕ್ಕೆ ಕಾಲು ಅಥವಾ ಸ್ಪೈಕ್ 4, ಬಿಗಿಹಿಡಿಯಲು ಮತ್ತೆ ನಟ್ 4.

ಕಂಬವನ್ನು ನೆತ್ತಿಯ ತಗಡಿನ ನಟ್ಟನಡುವೆ ಕೂರಿಸುವುದು ಸಾಮಾನ್ಯ. ಆದರೆ ವೂಫರಿನ ಅಯಸ್ಕಾಂತದಿಂದಾಗಿ ಸ್ಪೀಕರಿನ ಭಾರ ಸ್ವಲ್ಪ ಮುಂದಕ್ಕಿರುತ್ತದೆ. ಮೇಜಿನ ಮೇಲೆ ಒಂದು ದುಂಡು ಕೋಲು ಅಡ್ಡ ಇಟ್ಟು ಅದರ ಮೇಲೆ ಸ್ಪೀಕರನ್ನು ಸಮತೂಕ ಮಾಡಿ ನೋಡಿ. ಎಲ್ಲಿ ತೂಗಿ ನಿಲ್ಲುತ್ತದೋ ಆ ಗೆರೆಯ ಕೆಳಗೇ ಕಂಬ ಬರಲಿ.

ವೆಲ್ಡಿಂಗಿನಲ್ಲಿ ಕೆಡುವುದು ಎರಡು ಕಡೆ. ಒಂದು, ಒಂದೇ ಬದಿಯಲ್ಲಿ ಉದ್ದಕ್ಕೂ ಬೆಸುಗೆ ಎಳೆದರೆ ಅದು ತಣಿಯುವಾಗ ತಗಡನ್ನು ಎಳೆದುಕೊಂಡು ಸೊಟ್ಟ ಮಾಡುತ್ತದೆ. ಆಮೇಲೆ ನಾಲ್ಕು ಕಾಲು ಒಟ್ಟಿಗೆ ನೆಲ ಮುಟ್ಟಿಸಲು ಒದ್ದಾಡಬೇಕಾಗುತ್ತದೆ. ಮೊದಲು ನಾಲ್ಕು ಮೂಲೆಗೆ ಚುಕ್ಕೆ ಬೆಸುಗೆ ಹಾಕಿಸಿ, ಮೂಲೆಮಟ್ಟ ಹಿಡಿದು ಕಂಬ ನೆಟ್ಟಗಿದೆಯೇ ನೋಡಿ, ನಂತರ ಎದುರುಬದುರು ಬದಿಗಳಲ್ಲಿ ಸ್ವಲ್ಪ ಸ್ವಲ್ಪವೇ ಬೆಸೆಯಲು ಹೇಳಿ. ಇನ್ನೊಂದು, ಎಂ8 ನಟ್ ಬೆಸೆಯುವಾಗ ಬೆಂಕಿಯ ಕಿಡಿ ನಟ್ಟಿನ ಮರೆಗೆ (ಒಳಗಿನ ತಿರುಪಿನ ಗೆರೆ, ಥ್ರೆಡ್) ಸಿಡಿದು ಬೋಲ್ಟ್ ಒಳಗೆ ಹೋಗುವುದೇ ಇಲ್ಲ. ಹಳೆಯ ಬೋಲ್ಟ್ ತಿರುಪಿಟ್ಟೇ ಬೆಸೆಯಲಿ, ಕೊನೆಗೆ ಟ್ಯಾಪ್ (ಮರೆ ಕೊರೆಯುವ ಉಪಕರಣ) ಹಾಕಿ ಮರೆ ಸ್ವಚ್ಛ ಮಾಡಲಿ.

ಮರಳು ಸುರಿಯಲು ನೆತ್ತಿಯ ತಗಡಿಗೆ 25 ಮಿ.ಮೀ. ತೂತು ಕೊರೆಸಿ, ಅದೂ ಬಣ್ಣಕ್ಕೆ ಕೊಡುವ ಮೊದಲು. ಪೌಡರ್ ಕೋಟಿಂಗ್ ಒಲೆಯ ಬಿಸಿ 180ರಿಂದ 200 ಡಿಗ್ರಿ. ಎರಡೂ ತುದಿ ಮುಚ್ಚಿದ ಪೈಪಿನೊಳಗಿನ ಗಾಳಿಗೆ ಹೊರಬರಲು ದಾರಿ ಇರಲೇಬೇಕು. ಕೋಟಿಂಗ್ ಆಗುವಾಗ ನಟ್‌ಗಳೊಳಗೆ ಹಳೆಯ ಬೋಲ್ಟ್ ಇರಲಿ, ಇಲ್ಲವಾದರೆ ಪುಡಿ ಮರೆಯಲ್ಲಿ ಕರಗಿ ಕೂರುತ್ತದೆ. ಮರಳು, ರಬ್ಬರ್ ಎಲ್ಲ ಕೋಟಿಂಗ್ ಆದ ಮೇಲೆಯೇ.

ಕಬ್ಬಿಣದ ಬುಡ ಬೇಡ ಎನ್ನುವವರಿಗೆ ಗ್ರಾನೈಟ್ ಅಂಗಡಿ ಇದೆ. ಅಡುಗೆಕಟ್ಟೆಗೆ ಸಿಂಕ್ ಕೂರಿಸಲು ಕತ್ತರಿಸಿ ತೆಗೆದ ತುಂಡುಗಳು ಅಲ್ಲಿ ಮೂಲೆಯಲ್ಲಿ ಬಿದ್ದಿರುತ್ತವೆ. 18 ಮಿ.ಮೀ. ದಪ್ಪದ 30 × 35ರ ತುಂಡು 5 ಕೆ.ಜಿ. ತೂಗುತ್ತದೆ, ಹೆಚ್ಚುಕಡಿಮೆ ಕಬ್ಬಿಣದ ಬುಡದಷ್ಟೇ. ಗ್ರಾನೈಟ್ ಒಂಟಿಯಾಗಿ ಬಡಿದರೆ ಗಂಟೆಯಂತೆ ಮೊಳಗುವ ಕಲ್ಲು. ಕಂಬಕ್ಕೂ ಅದಕ್ಕೂ ನಡುವೆ 3 ಮಿ.ಮೀ. ರಬ್ಬರ್ ಹಾಳೆ ಕೊಟ್ಟು ಬೋಲ್ಟ್ ಹಾಕಿಸಿ. ಬೋಲ್ಟಿನ ತೂತನ್ನು ಕಲ್ಲಿನ ಅಂಗಡಿಯಲ್ಲೇ ಕೊರೆಸಿ, ಮನೆಯ ಡ್ರಿಲ್ಲಿನಲ್ಲಿ ಸಾಹಸ ಮಾಡಿದರೆ ಕಲ್ಲು ಸೀಳುತ್ತದೆ.

ಮರಳು

71 ಮಿ.ಮೀ. ಒಳಅಳತೆಯ 60 ಸೆಂ.ಮೀ. ಕಂಬಕ್ಕೆ ಪೂರ್ತಿ 3 ಲೀಟರ್ ಹಿಡಿಯುತ್ತದೆ. ಒಣ ಮರಳಿನ ಲೀಟರಿಗೆ 1.6 ಕೆ.ಜಿ. ಹಿಡಿದರೆ 4.8 ಕೆ.ಜಿ. ಮುಕ್ಕಾಲು ತುಂಬಿದರೆ 3.6. ಎಲ್ಲಿಗೆ ನಿಲ್ಲಿಸಬೇಕು ಎಂದು ಅಳತೆಗಿಂತ ಬೆರಳೇ ಹೇಳುತ್ತದೆ: ಅರ್ಧ ಲೀಟರ್ ಸುರಿಯುವುದು, ಕಂಬಕ್ಕೆ ಬಡಿಯುವುದು. ಮೇಲಿನಿಂದ ಕೆಳಗೆ ಎಲ್ಲ ಕಡೆ ಟಪ್ ಎಂದಾಗ ಸಾಕು. ಜಡಿದು ಗಟ್ಟಿ ಮಾಡಬೇಡಿ. ಕಾಳುಗಳು ಒಂದಕ್ಕೊಂದು ಉಜ್ಜಿಕೊಂಡಾಗಲೇ ಕಂಪನ ಶಾಖವಾಗಿ ಕಳೆದುಹೋಗುವುದು.

ಮರಳು ಒಣಗಿರಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ಹಸಿ ಮರಳು ಪೈಪನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಹೊರಗೆ ಗೊತ್ತಾಗುವಷ್ಟರಲ್ಲಿ ಬೆಸುಗೆಯ ಅಂಚಿನಿಂದ ಕಂದು ನೀರು ಇಳಿದಿರುತ್ತದೆ. ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಒಂದು ದಿನ ಕಡುಬಿಸಿಲು ಕೊಡಿ. ಮಳೆಗಾಲವಾದರೆ ಹಳೆಯ ಬಾಣಲೆಯಲ್ಲಿ ಹಬೆ ನಿಲ್ಲುವ ತನಕ ಹುರಿಯಿರಿ. ಒಣಗಿತೇ ಎಂದು ನೋಡಲು ಒಂದು ಹಿಡಿ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಬಿಸಿಲಿನಲ್ಲಿಡಿ. ಒಳಗೆ ಹನಿ ಕಟ್ಟಿದರೆ ಇನ್ನೊಮ್ಮೆ ಒಣಗಿಸಿ. ಎಂ-ಸ್ಯಾಂಡ್ ಆದರೆ ಕಲ್ಲಿನ ಪುಡಿ ಹೋಗುವಂತೆ ಜರಡಿ ಹಿಡಿಯಿರಿ. ಕರಾವಳಿಯವರು ಸಮುದ್ರದ ಮರಳಿನ ಕಡೆ ನೋಡಲೇಬೇಡಿ, ಅದರ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ.

ಸಿದ್ಧ ಸ್ಟ್ಯಾಂಡುಗಳಲ್ಲಿ ಕಂಬದ ಬುಡಕ್ಕೆ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಇರುತ್ತದೆ. ಭಾರಕ್ಕೆ ಅದು ಬಿಚ್ಚಿಕೊಂಡು ಹಜಾರದ ತುಂಬ ಮರಳಾದ ಮನೆಗಳಿವೆ. ಉದ್ದನೆಯ ದಪ್ಪ ಪಾಲಿಥೀನ್ ಚೀಲವನ್ನು ಕಂಬದೊಳಗೆ ಇಳಿಬಿಟ್ಟು ಅದರೊಳಗೆ ಸುರಿಯಿರಿ. ಸೀಸದ ಗುಂಡು ತುಂಬುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ಸೀಸದ ಧೂಳು ವಿಷ, ಅದು ತರುವ ಲಾಭವೂ ಮರಳಿಗಿಂತ ಹೇಳಿಕೊಳ್ಳುವಷ್ಟಿಲ್ಲ.

ಸ್ಪೀಕರಿಗೂ ಸ್ಟ್ಯಾಂಡಿಗೂ ನಡುವೆ

ಬ್ಲೂ ಟ್ಯಾಕ್ ಅಥವಾ ಅಂಥದೇ ಅಂಟುಹಿಟ್ಟು ಸಾಕು. ಬಟಾಣಿ ಗಾತ್ರದ ನಾಲ್ಕು ಉಂಡೆ, ತಗಡಿನ ಮೂಲೆಗಳಿಂದ 2 ಸೆಂ.ಮೀ. ಒಳಗೆ. ಸ್ಪೀಕರ್ ಇಟ್ಟು ಒತ್ತಿದಾಗ ಒಂದೆರಡು ಮಿ.ಮೀ. ದಪ್ಪಕ್ಕೆ ಇಳಿಯಬೇಕು. ತೆಗೆಯುವಾಗ ಮೇಲಕ್ಕೆ ಕೀಳಬೇಡಿ, ನಿಧಾನ ತಿರುಚಿ. ಕಿತ್ತರೆ ವಿನೀರ್ (ಡಬ್ಬಿಯ ಮೇಲಿನ ತೆಳು ಹೊದಿಕೆ) ಎದ್ದುಬರುತ್ತದೆ. ನಿಜ ಮರದ ವಿನೀರ್ ಇದ್ದರೆ ಎಣ್ಣೆಯ ಕಲೆ ಉಳಿಯುವುದುಂಟು, ಅಂಥಲ್ಲಿ 2 ಮಿ.ಮೀ. ಸಿಲಿಕಾನ್ ಬೊಟ್ಟುಗಳು ವಾಸಿ. ಸ್ಪೀಕರಿನ ತಳಕ್ಕೆ ನೆಡುವ ಚೂಪು ಸ್ಪೈಕುಗಳು ಬೇಡ. ಡಬ್ಬಿಗೆ ಗಾಯ, ಜಾರುವ ಭಯ, ಪ್ರತಿಫಲ ಶೂನ್ಯ.

ನೆಲ: ಸ್ಪೈಕೋ ರಬ್ಬರೋ

ಇದಕ್ಕೆ ಉತ್ತರ ನಿಮ್ಮ ನೆಲದಲ್ಲಿದೆ. 5 ಇಂಚಿನ ಆರ್‌ಸಿಸಿ ಚಪ್ಪಡಿ ಚದರ ಮೀಟರಿಗೆ 300 ಕೆ.ಜಿ. ದಾಟುತ್ತದೆ. ಬುಕ್‌ಶೆಲ್ಫ್ ಸ್ಪೀಕರ್ ಅದನ್ನು ಅಲುಗಿಸಲಾರದು. ಅಲ್ಲಿ ಸ್ಪೈಕಿಗೂ ರಬ್ಬರಿಗೂ ಕೇಳುವ ವ್ಯತ್ಯಾಸ ಬಲು ಸಣ್ಣದು. ನೋಡುವ ವ್ಯತ್ಯಾಸ ದೊಡ್ಡದು: ರೆಡ್ ಆಕ್ಸೈಡ್, ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಗ್ರಾನೈಟ್ ಎಲ್ಲದರ ಮೇಲೂ ಸ್ಪೈಕ್ ಗೀರು ಬೀಳಿಸುತ್ತದೆ. ಕೆಳಗೆ ಸಿಮೆಂಟ್ ತುಂಬದ ಟೊಳ್ಳು ಟೈಲ್ಸ್ ಆದರೆ ಬಿರುಕೇ ಬಿಡಬಹುದು. ಬಡಿದು ನೋಡಿ, ಡಬ್ ಡಬ್ ಎನ್ನುವ ಟೈಲ್ಸ್ ಮೇಲೆ ಸ್ಪೈಕ್ ಇಡಬೇಡಿ. ಇಡಲೇಬೇಕಾದರೆ ಪ್ರತಿ ಸ್ಪೈಕಿನಡಿ ಹಿತ್ತಾಳೆಯ ಬಟ್ಟಲು ಕೊಡಿ. ಸ್ಪೈಕಿನ ನಿಜವಾದ ಉಪಯೋಗ ದಪ್ಪ ಕಾರ್ಪೆಟ್ ಇದ್ದಲ್ಲಿ. ಅದು ಕಾರ್ಪೆಟ್ ದಾಟಿ ಗಟ್ಟಿ ನೆಲ ಮುಟ್ಟಿ ಸ್ಟ್ಯಾಂಡನ್ನು ಅಲುಗದಂತೆ ನಿಲ್ಲಿಸುತ್ತದೆ.

ತೊಲೆಗಳ ಮೇಲೆ ಹಲಗೆ ಹೊದಿಸಿದ ಮಲೆನಾಡಿನ ಹಳೆ ಮನೆಗಳ ಮಹಡಿ, ಅಮೆರಿಕದಲ್ಲಿರುವವರ ಮರದ ಚೌಕಟ್ಟಿನ ಮನೆಗಳು ಬೇರೆ ಲೆಕ್ಕ. ಅಲ್ಲಿ ನೆಲವೇ ಶೋಕೇಸಿನ ಹಲಗೆ. ಸ್ಪೈಕ್ ಹಾಕಿದರೆ ಕಂಪನ ಸಲೀಸಾಗಿ ಇಳಿಯುತ್ತದೆ. ಮೆತ್ತನೆಯ ಆಧಾರ ಬೇಕು, ಆದರೆ ಎಷ್ಟು ಮೆತ್ತಗೆ? ಭಾರ ಹಾಕಿದಾಗ ಅದು ಎಷ್ಟು ಮಿ.ಮೀ. ತಗ್ಗುತ್ತದೆ ಎಂದು ಅಳೆದು, 16ನ್ನು ಆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಅದು ಆ ಆಧಾರದ ಸ್ವಂತ ಕಂಪನದ ಅಂದಾಜು. ಅದರ ಒಂದೂವರೆ ಪಟ್ಟಿನ ಮೇಲಿನ ಸ್ವರಗಳು ಮಾತ್ರ ತಡೆಯಲ್ಪಡುತ್ತವೆ. 4 ಮಿ.ಮೀ. ತಗ್ಗಿದರೆ 8 ಹರ್ಟ್ಸ್, ಚೆನ್ನಾಯಿತು. 0.1 ಮಿ.ಮೀ. ಮಾತ್ರ ತಗ್ಗುವ ಗಟ್ಟಿ ರಬ್ಬರಿನದು 50. ಅದು ಬೇಸ್ ತಡೆಯುವುದಿರಲಿ, 50ರ ಸುತ್ತ ಹೆಚ್ಚಿಸಿಬಿಡಬಹುದು. ರಬ್ಬರಿನಲ್ಲಿ ನಿಜ ಸಂಖ್ಯೆ ಈ ಲೆಕ್ಕಕ್ಕಿಂತ ತುಸು ಮೇಲೇ ಇರುತ್ತದೆ. ತೀರಾ ಮೆತ್ತಗಾದರೆ ಎತ್ತರದ ಸ್ಟ್ಯಾಂಡ್ ತೂಗಾಡುತ್ತದೆ, ಆದ್ದರಿಂದ ಬುಡ ಅಗಲವಿಲ್ಲದೆ ಸ್ಪ್ರಿಂಗ್ ಕಾಲುಗಳ ಸಹವಾಸ ಬೇಡ.

ಕೂರಿಸಿ ಕೇಳುವುದು

ಎರಡೂ ಸ್ಟ್ಯಾಂಡ್ ನಿಲ್ಲಿಸಿ ನೆತ್ತಿಯ ಮೇಲೆ ರಸಮಟ್ಟ ಇಟ್ಟು ಎರಡು ದಿಕ್ಕಿನಲ್ಲೂ ನೋಡಿ, ಕಾಲು ತಿರುಪಿ ಸರಿಮಾಡಿ, ಮೇಲಿನ ನಟ್ ಬಿಗಿ ಮಾಡಿ. ಬಿಗಿ ಮಾಡದಿದ್ದರೆ ಕಾಲು ಮರೆಯಲ್ಲೇ ಕಟಕಟ ಎನ್ನುತ್ತದೆ. ನಂತರ ನೀವು ಕೂರುವ ಜಾಗದಿಂದ ಎಡ, ಬಲ ಟ್ವೀಟರಿಗೆ ಟೇಪು ಹಿಡಿಯಿರಿ. ವ್ಯತ್ಯಾಸ 1 ಸೆಂ.ಮೀ. ಒಳಗಿರಲಿ. ಗಾಯಕರ ದನಿ ನಡುವೆ ನಿಲ್ಲುವುದು ಇದರಿಂದಲೇ ಹೊರತು ಸ್ಟ್ಯಾಂಡಿನ ಲೋಹದಿಂದಲ್ಲ.

ಕೇಳಲು ಮೂರು ಬಗೆ ಸಾಕು. ಗಂಡು ದನಿಯ ವಾರ್ತೆ ಅಥವಾ ಭಾಷಣ, ಒಂದು ತನಿ ಆವರ್ತನ, ತಂಬೂರಿ ಚೆನ್ನಾಗಿ ಕೇಳುವ ಒಂದು ಆಲಾಪನೆ. ಮಾತಿನಲ್ಲಿ ಗವಿಗುಟ್ಟುವಿಕೆ ಹೋಗಿರಬೇಕು. ತೊಪ್ಪಿಯ ಪ್ರತಿ ಪೆಟ್ಟಿಗೂ ಶುರುವೂ ಕೊನೆಯೂ ಗೊತ್ತಾಗಬೇಕು. ಫೋನಿನ ಟೋನ್ ಆ್ಯಪಿನಲ್ಲಿ 40ರಿಂದ 300 ಹರ್ಟ್ಸ್‌ವರೆಗೆ ನಿಧಾನ ಏರಿಸುತ್ತ ಕೋಣೆ ಸುತ್ತಿ. ಫೋಟೋ ಫ್ರೇಮು, ಕಿಟಕಿಯ ಚಿಲಕ, ದೇವರಮನೆಯ ಗಂಟೆ ಯಾವ ಸ್ವರಕ್ಕೆ ಗಿರ್ರೆನ್ನುತ್ತವೆ ಎಂದು ಅಲ್ಲೇ ಸಿಕ್ಕಿಬೀಳುತ್ತದೆ. ವಾಲ್ಯೂಮ್ ಮಿತವಾಗಿರಲಿ, ಒಂಟಿ ಸ್ವರವನ್ನು ಜೋರಾಗಿ ಹಾಕಿದರೆ ವೂಫರಿಗೇ ಪೆಟ್ಟು.

ಶೋಕೇಸಿನಿಂದ ಇಳಿಸಿದ ಮೊದಲ ದಿನ ಬೇಸ್ ಹೋಯಿತು ಎನ್ನುವ ದೂರು ಬರುತ್ತದೆ. ಹೋಗಿದ್ದು ಹಲಗೆ ಸೇರಿಸುತ್ತಿದ್ದ ಉಬ್ಬು. ಎರಡು ಮೂರು ದಿನ ಬಿಟ್ಟು ಮತ್ತೆ ಕೇಳಿ. ಆಗಲೂ ಬಡವಾಗಿದ್ದರೆ ಸ್ಟ್ಯಾಂಡನ್ನು 5 ಸೆಂ.ಮೀ.ನಂತೆ ಗೋಡೆಯ ಕಡೆ ಸರಿಸುತ್ತ ಬನ್ನಿ. ಪ್ರತಿ ಜಾಗಕ್ಕೂ ನೆಲದಲ್ಲಿ ಪೇಂಟರ್ ಟೇಪಿನ ಗುರುತು ಹಾಕಿ.

ಅಳತೆ ಬೇಕೆನ್ನುವವರು ಉಚಿತ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶಕ್ಕೆ ಮಿನಿಡಿಎಸ್‌ಪಿಯ ಯುಮಿಕ್-1 ಮೈಕ್ ಜೋಡಿಸಿ, ಮೈಕನ್ನು ಕಿವಿಯ ಜಾಗದಲ್ಲಿಟ್ಟು 80ರಿಂದ 350 ಹರ್ಟ್ಸ್ ಪಟ್ಟಿಯನ್ನು ನೋಡಿ. ಶೋಕೇಸಿನಿಂದ ಸ್ಟ್ಯಾಂಡಿಗೆ ಬಂದಾಗ ಗೆರೆ ಎದ್ದು ಕಾಣುವಷ್ಟು ಬದಲಾಗುತ್ತದೆ. ಕಾಂಕ್ರೀಟ್ ನೆಲದಲ್ಲಿ ಸ್ಪೈಕ್ ತೆಗೆದು ರಬ್ಬರ್ ಹಾಕಿದಾಗ ಎರಡು ಗೆರೆಗಳು ಒಂದರ ಮೇಲೊಂದು ಕೂರುತ್ತವೆ.

ಮೇಜಿನ ಮೇಲಿನ ಸ್ಪೀಕರ್

ಕಂಪ್ಯೂಟರ್ ಪಕ್ಕ ಇಟ್ಟವರಿಗೆ ತೊಂದರೆ ಕೊಡುವುದು ಮೇಜಿನ ಮೇಲ್ಮೈ. ವೂಫರ್ ಮೇಜಿನಿಂದ 12 ಸೆಂ.ಮೀ., ಕಿವಿ 45 ಸೆಂ.ಮೀ. ಮೇಲೆ, ದೂರ 70 ಇದ್ದರೆ ಪ್ರತಿಫಲನದ ಗುಂಡಿ ಬೀಳುವುದು 1,300 ಹರ್ಟ್ಸ್ ಸುತ್ತ, ಮಾತಿನ ಸ್ಪಷ್ಟತೆಯ ಎದೆಗೇ. 20 ಸೆಂ.ಮೀ. ಗಿಡ್ಡ ಸ್ಟ್ಯಾಂಡ್ ಕೊಟ್ಟರೆ ಅದು 520ರ ಹತ್ತಿರಕ್ಕೆ ಇಳಿದು ಕಾಟ ಕಡಿಮೆಯಾಗುತ್ತದೆ. ಇಲ್ಲಿ ಭಾರ ಬೇಡ, ಎತ್ತರ ಬೇಕು. ಸ್ಪಂಜಿನ ಓರೆಮಣೆಗಳು ಮೂತಿ ಎತ್ತಲು ಪರವಾಗಿಲ್ಲ, ಆದರೆ ಎರಡು ವರ್ಷದಲ್ಲಿ ಚಪ್ಪಟೆಯಾಗುತ್ತವೆ.

ಆಮೇಲಿನ ನಿಗಾ

ಬೋಲ್ಟ್ ಜೋಡಣೆಯ ಸ್ಟ್ಯಾಂಡಾದರೆ ಆರು ತಿಂಗಳಿಗೊಮ್ಮೆ ಅಲೆನ್ ಕೀ ಹಾಕಿ ಬಿಗಿ ಮಾಡಿ, ಅಂಟುಹಿಟ್ಟು ಬೇಸಿಗೆಯಲ್ಲಿ ಹರಿದು ತೆಳುವಾಗಿದ್ದರೆ ಬದಲಿಸಿ. ಸ್ಪೀಕರ್ ಕೇಬಲನ್ನು ಕಂಬದ ಹೊರಗೇ ಇಳಿಸಿ ಬುಡದ ಹತ್ತಿರ ಒಂದು ವೆಲ್ಕ್ರೋ ಪಟ್ಟಿಯಿಂದ ಕಟ್ಟಿ, ಮೇಲೆ ಒಂದು ಗೇಣು ಸಡಿಲ ಬಿಡಿ. ಯಾರಾದರೂ ಕಾಲಿಗೆ ಸಿಕ್ಕಿಸಿಕೊಂಡು ಎಳೆದರೆ ಜಗ್ಗುವುದು ಬುಡವನ್ನು, ಮೇಲಿರುವ ಸ್ಪೀಕರನ್ನಲ್ಲ.